ಮಲ್ಲಿಕಾರ್ಜುನಸ್ವಾಮಿಯ ಒಳಸೋರಿಕೆ

ಮಲ್ಲಿಕಾರ್ಜುನಸ್ವಾಮಿಗೆ ಐವತ್ತೆರಡು ವರ್ಷ, ಅವನ ಕಾರಿಗೆ ಇಪ್ಪತ್ತೊಂದು. ಇಬ್ಬರಲ್ಲಿ ಹೆಚ್ಚು ಸವೆದವರು ಯಾರು ಎಂಬ ವಿಷಯದಲ್ಲಿ ಕೊಳ್ಳೇಗಾಲದ ಅವನ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಕಾರನ್ನು ಬಿಟ್ಟುಕೊಡದ ಒಂದೇ ಪಕ್ಷವೆಂದರೆ ಸ್ವತಃ ಮಲ್ಲಿಕಾರ್ಜುನಸ್ವಾಮಿ.

ಅವನು ಅಲ್ಲಿನ ಒಂದು ಪ್ರೌಢಶಾಲೆಯ ಗುಮಾಸ್ತ. ಮೈಸೂರಿನ ನಿವೃತ್ತರೊಬ್ಬರಿಂದ ಆ ಬೂದು ಬಣ್ಣದ ಕಾರನ್ನು ಕೊಂಡು ತಂದ ದಿನ ಹೆಂಡತಿ ನಾಗಶ್ರೀ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಕಾರಿನ ಸುತ್ತ ಒಂದು ಸುತ್ತು ಹಾಕಿ, "ರೀ, ಇದಕ್ಕೆ ಆರತಿ ಮಾಡ್ಲೋ ಇಲ್ಲ ತಿಥಿ ಮಾಡ್ಲೋ?" ಎಂದು ಕೇಳಿದಳು. ಅಂದಿನಿಂದ ಸ್ವಾಮಿಗೆ ಹಟ ಬಂತು. ಕಾರಿನ ಬಗ್ಗೆ ಒಂದು ಕೆಟ್ಟ ಮಾತು ಅವನ ಬಾಯಿಂದ ಹೊರಡಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತರೆ "ಗಾಳಿ ಕುಡೀಲಿ ಅಂತ ನಿಲ್ಲಿಸಿದ್ದೀನಿ" ಎನ್ನುತ್ತಿದ್ದ. ನಾಲ್ಕು ಜನ ತಳ್ಳಿಕೊಂಡು ಬಂದರೆ "ಪೆಟ್ರೋಲ್ ಉಳೀತದೆ" ಎನ್ನುತ್ತಿದ್ದ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಇಂಜಿನ್ನಿನ ಭಾಗಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಸ್ಟಾಫ್ ರೂಮಿನಲ್ಲಿ, "ನನ್ನ ಗಾಡಿ ಇವತ್ತಿನವರೆಗೂ ಮೆಕ್ಯಾನಿಕ್ ಮುಖ ನೋಡಿಲ್ಲ. ಏನಿದ್ರೂ ನನ್ನ ಕೈಯಲ್ಲೇ" ಎಂದು ಸಾರಿದ್ದ.

ನಿಜ ಸಂಗತಿಯೆಂದರೆ, ಕಾರು ತಿಂಗಳಿಗೊಮ್ಮೆ ತಪ್ಪದೆ ಕಾಮಗೆರೆಯ ಶಂಕರನ ಶೆಡ್ಡಿಗೆ ಹೋಗುತ್ತಿತ್ತು. ಕೊಳ್ಳೇಗಾಲದಲ್ಲೇ ಮೆಕ್ಯಾನಿಕ್‌ಗಳು ಬೇಕಾದಷ್ಟಿದ್ದರೂ ಹನೂರು ರಸ್ತೆಯಲ್ಲಿ ಅಷ್ಟು ದೂರದ ಕಾಮಗೆರೆಯನ್ನು ಅವನು ಆರಿಸಿಕೊಂಡದ್ದು ಒಂದೇ ಕಾರಣಕ್ಕೆ. ಅಲ್ಲಿ ತನ್ನನ್ನು ಗುರುತು ಹಿಡಿಯುವವರು ಯಾರೂ ಇರಲಿಲ್ಲ.

ಯುಗಾದಿ ಕಳೆದ ವಾರ ಕಾರಿನ ಕೆಳಗೆ, ಅಂಗಳದ ಸಿಮೆಂಟಿನ ಮೇಲೆ, ಒಂದು ಹಸಿರು ತೊಟ್ಟು ಕಾಣಿಸಿತು. ಮಾರನೆಯ ದಿನ ನಾಲ್ಕು. ಇಂಜಿನ್ನನ್ನು ತಣ್ಣಗಿಡುವ ಕೂಲಂಟ್ ನೀರು ಎಲ್ಲಿಂದಲೋ ಸೋರುತ್ತಿತ್ತು. ಸ್ವಾಮಿ ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದ, ಏನೂ ಕಾಣಲಿಲ್ಲ. ಮಲಗಿ ನೋಡಿದ, ಒಂದು ತೊಟ್ಟು ಸರಿಯಾಗಿ ಕಣ್ಣಿಗೇ ಬಿತ್ತು. ರೇಡಿಯೇಟರಿಗೆ ಅರಿಶಿನ ಹಾಕಿದರೆ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ ಎಂದು ಲಾರಿ ಡ್ರೈವರೊಬ್ಬ ಹೇಳಿದ್ದು ನೆನಪಾಗಿ, ಅಡುಗೆಮನೆಯ ಅರಿಶಿನದ ಡಬ್ಬಿಯನ್ನು ಹೆಂಡತಿಗೆ ಗೊತ್ತಾಗದಂತೆ ಖಾಲಿ ಮಾಡಿದ. ಸೋರುವುದು ನಿಲ್ಲಲಿಲ್ಲ. ಹಸಿರಿದ್ದದ್ದು ಸ್ವಲ್ಪ ಹಳದಿಯಾಯಿತು, ಅಷ್ಟೆ.

ಬೇರೆ ದಾರಿ ಕಾಣದೆ, ಬುಧವಾರ ಸಂಜೆ ಮಹಡಿ ಹತ್ತಿ ಶಂಕರನಿಗೆ ಫೋನು ಮಾಡಿದ. ಕಾರಿನ ಕಷ್ಟ ಬಂದಾಗ ಅವನು ಶಂಕರನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಪಕ್ಕದ ಮನೆಯ ಮಹಡಿಯಲ್ಲಿ ಶಿವರತ್ನಮ್ಮ ಸಂಡಿಗೆ ಎತ್ತಿಡುತ್ತಿದ್ದದ್ದನ್ನು ಅವನು ಗಮನಿಸಲಿಲ್ಲ.

"ಹಲೋ, ನಾನೇ. ಮೆಲ್ಲಗೆ ಮಾತಾಡ್ತಿದ್ದೀನಿ, ಮನೇಲಿ ಯಾರಿಗೂ ಗೊತ್ತಿಲ್ಲ... ಹೂಂ, ಸೋರ್ತಾನೇ ಇದೆ. ಒಳಗಡೆ. ಹೊರಗಿಂದ ಏನೂ ಕಾಣಲ್ಲ... ಮಟ್ಟಸ ಜಾಗದಲ್ಲಿ ಪರವಾಗಿಲ್ಲ, ಏರು ಹತ್ತಿದ್ರೆ ಸಾಕು, ಬಿಸಿ ಏರಿಬಿಡ್ತದೆ. ನಿಂತು ಸುಧಾರಿಸಿಕೊಂಡೇ ಮುಂದಕ್ಕೆ ಹೋಗೋದು... ಹಿಂದುಗಡೆ ಪೈಪಾ? ಕೈ ಹೋಗೋ ಜಾಗ ಅಲ್ವಾ?... ಎಲ್ಲಾ ಬಿಚ್ಚಲೇಬೇಕಾ? ಅಯ್ಯೋ... ಏನು, ಇಷ್ಟು ವರ್ಷ ಓಡಿದ್ದೇ ಹೆಚ್ಚಾ? ಹಾಗನ್ಬೇಡಿ, ನಿಮ್ಮನ್ನೇ ನಂಬಿದ್ದೀನಿ... ಆಯ್ತು, ಶನಿವಾರ ಬೆಳಿಗ್ಗೆ ಕಾಮಗೆರೆಗೆ ಬಂದುಬಿಡ್ತೀನಿ."

ಕಾಮಗೆರೆ ಎಂದರೆ ಆ ಸೀಮೆಯಲ್ಲಿ ಯಾರಿಗೂ ಮೊದಲು ನೆನಪಾಗುವುದು ಅಲ್ಲಿನ ಆಸ್ಪತ್ರೆ. ಶಿವರತ್ನಮ್ಮನ ಯಜಮಾನರು ಇಪ್ಪತ್ತು ವರ್ಷ ಒಂದು ದವಾಖಾನೆಯಲ್ಲಿ ಕಾಂಪೌಂಡರಾಗಿದ್ದವರು. ಆದ್ದರಿಂದ ಅವಳು ತನ್ನನ್ನು ಅರ್ಧ ಡಾಕ್ಟರೆಂದು ತಿಳಿದಿದ್ದಳು. ಸಂಡಿಗೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ನೇರವಾಗಿ ನಾಗಶ್ರೀಯ ಅಡುಗೆಮನೆಗೆ ಬಂದಳು.

"ನಾಗಶ್ರೀ, ಕೂತ್ಕೊ. ಮೊದ್ಲು ಒಂದು ಲೋಟ ನೀರು ಕುಡಿ."

"ಯಾಕೆ ಶಿವರತ್ನಕ್ಕ?"

"ಕುಡಿ. ನಾನು ಹೇಳಿದ್ಮೇಲೆ ಗಂಟ್ಲಲ್ಲಿ ಇಳಿಯಲ್ಲ."

ನಾಗಶ್ರೀ ಕುಡಿದಳು. ಶಿವರತ್ನಮ್ಮ ಹೇಳಿದಳು. ಎದೆಯ ಹಿಂದಿನ ಪೈಪು, ಒಳಗೊಳಗೇ ಸೋರುತ್ತಿದೆ, ಶನಿವಾರ ಬಿಚ್ಚುತ್ತಾರೆ, ಡಾಕ್ಟರೇ ಕೈಚೆಲ್ಲಿದ್ದಾರೆ. 'ಎದೆ' ಎಂಬ ಶಬ್ದ ಸ್ವಾಮಿಯ ಬಾಯಲ್ಲಿ ಬಂದಿರಲಿಲ್ಲ. ಆದರೆ ಅರ್ಧ ಡಾಕ್ಟರಾದವರು ಅಷ್ಟೂ ಊಹಿಸದಿದ್ದರೆ ಹೇಗೆ?

ನಾಗಶ್ರೀ ಮೊದಲು ನಂಬಲಿಲ್ಲ. ಆಮೇಲೆ ಒಂದೊಂದಾಗಿ ನೆನಪಾಯಿತು. ವಾರದಿಂದ ಗಂಡ ಸರಿಯಾಗಿ ಊಟ ಮಾಡುತ್ತಿಲ್ಲ. ಬೆಳಗಾಗೆದ್ದು ಅಂಗಳಕ್ಕೆ ಹೋಗಿ ಒಬ್ಬನೇ ನಿಟ್ಟುಸಿರು ಬಿಡುತ್ತಾನೆ. ಅರಿಶಿನದ ಡಬ್ಬಿ ಖಾಲಿಯಾಗಿದೆ.

"ಅರಿಶಿನ!" ಎಂದಳು ಶಿವರತ್ನಮ್ಮ. "ಒಳಗಿನ ಗಾಯಕ್ಕೆ ಕದ್ದು ತಿಂದವ್ರೆ, ಪಾಪ."

ಆ ರಾತ್ರಿ ತಟ್ಟೆಗೆ ಬಂದದ್ದು ಉಪ್ಪಿಲ್ಲದ ಗಂಜಿ. ಸ್ವಾಮಿ ಒಂದು ಚಮಚ ಬಾಯಿಗಿಟ್ಟು ಹೆಂಡತಿಯ ಮುಖ ನೋಡಿದ. ಅವಳ ಕಣ್ಣು ಕೆಂಪಗಿತ್ತು.

"ನನಗೆಲ್ಲಾ ಗೊತ್ತಾಯ್ತು ಕಣ್ರಿ," ಎಂದಳು ಅವಳು.

ಸ್ವಾಮಿ ಚಮಚ ಕೆಳಗಿಟ್ಟ. ಕಾರಿನ ವಿಷಯ ಬಯಲಾಯಿತು ಎಂದುಕೊಂಡ. "ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಲಿ. ನನ್ನಿಂದ ಯಾಕೆ ಮುಚ್ಚಿಟ್ರಿ?"

"ನೀನು ಮೊದಲೇ ಬೇಡ ಅಂದಿದ್ದೆ. ಈಗ ಹೀಗಾಯ್ತು ಅಂದ್ರೆ ನಗ್ತೀಯ ಅಂತ..."

"ನಗ್ತೀನಾ? ನಾನು ನಗ್ತೀನಾ?" ನಾಗಶ್ರೀ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಷ್ಟು ದಿನದಿಂದ?"

"ಒಂದು ವಾರ. ಮೊದ್ಲು ತೊಟ್ಟು ತೊಟ್ಟು. ಈಗ ಕಾಲು ಲೀಟರ್ ಹೋಗ್ತದೆ."

"ಕಾಲು ಲೀಟರ್!" ಅವಳು ಗೋಡೆ ಹಿಡಿದುಕೊಂಡಳು. "ಮೈಸೂರಿಗೇ ಹೋಗೋಣ. ದೊಡ್ಡ ಕಡೆ ತೋರಿಸೋಣ."

ಇಷ್ಟು ದೊಡ್ಡ ಮನಸ್ಸನ್ನು ಹೆಂಡತಿಯಿಂದ ನಿರೀಕ್ಷಿಸಿರದ ಸ್ವಾಮಿಯ ಹೃದಯ ತುಂಬಿ ಬಂತು. "ಬೇಡ ನಾಗು. ದೊಡ್ಡ ಕಡೆ ಹೋದ್ರೆ ಈ ವಯಸ್ಸಿಗೆ ಇದನ್ನು ರಿಪೇರಿ ಮಾಡೋಕೇ ಒಪ್ಪಲ್ಲ, ಗುಜರಿಗೆ ಹಾಕಿ ಅಂತಾರೆ. ಕಾಮಗೆರೆಯವನದು ಒಳ್ಳೆ ಕೈ. ಎಲ್ಲಿಂದಲೋ ಹಳೇದು ತಂದು ಕೂರಿಸ್ತಾನಂತೆ."

"ಯಾರದ್ದೋ ಹಳೇದಾ? ನಿಮಗಾ?"

"ಹೊಸದು ಇದಕ್ಕೆ ಹೊಂದಲ್ಲ ಕಣೇ. ಸತ್ತು ಬಿದ್ದಿರೋದ್ರಲ್ಲಿ ಒಂದನ್ನು ಬಿಚ್ಚಿಟ್ಟಿದ್ದಾನಂತೆ."

ನಾಗಶ್ರೀ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು. ಒಂದು ರಬ್ಬರ್ ಪೈಪಿಗಾಗಿ ಇಷ್ಟು ಮರುಗುವ ಹೆಂಡತಿ ಕೊಳ್ಳೇಗಾಲದಲ್ಲಿ ಇನ್ಯಾರಿಗೂ ಇರಲಾರಳು ಎಂದು ಸ್ವಾಮಿ ಹೆಮ್ಮೆಪಟ್ಟು, ಉಪ್ಪಿಲ್ಲದ ಗಂಜಿಯನ್ನು ಪೂರ್ತಿ ಕುಡಿದ.

ಮಾರನೆಯ ದಿನ ಶಾಲೆಯಲ್ಲಿ ಶನಿವಾರದ ರಜೆ ಚೀಟಿ ಹಿಡಿದು ಹೋದಾಗ ಹೆಡ್‌ಮಾಸ್ಟರ್ ಚೆನ್ನಯ್ಯನವರು ಎದ್ದು ನಿಂತುಬಿಟ್ಟರು. ಅವರು ಅವನಿಗಾಗಿ ಎದ್ದು ನಿಂತದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಶಿವರತ್ನಮ್ಮನ ಸೊಸೆ ಆ ಶಾಲೆಯಲ್ಲೇ ಟೀಚರು ಎಂಬುದನ್ನು ಇಲ್ಲಿ ಹೇಳಿದರೆ ಸಾಕು.

"ಕೂತ್ಕೊಳ್ಳಿ ಸ್ವಾಮಿ. ನಡೀಬೇಡಿ ಜಾಸ್ತಿ. ವಿಷಯ ತಿಳೀತು."

ಸ್ವಾಮಿ ತಲೆ ತಗ್ಗಿಸಿದ. "ಎಲ್ರಿಗೂ ಗೊತ್ತಾಗಿಬಿಡ್ತಾ ಸಾರ್?"

"ಅದರಲ್ಲಿ ನಾಚಿಕೆ ಏನು? ನಂದೂ ಎರಡು ವರ್ಷದ ಹಿಂದೆ ಬಿಚ್ಚಿದ್ರು. ಮೂರು ಕಡೆ ಬ್ಲಾಕ್ ಇತ್ತು. ಈಗ ನೋಡಿ, ದಿನಾ ನಾಲ್ಕು ಕಿಲೋಮೀಟರ್."

ಚೆನ್ನಯ್ಯನವರ ಸ್ಕೂಟರು ದಿನಕ್ಕೆ ನಾಲ್ಕೇ ಕಿಲೋಮೀಟರ್ ಓಡುವುದನ್ನು ಕೇಳಿ ಸ್ವಾಮಿಗೆ ಸ್ವಲ್ಪ ಸಮಾಧಾನವಾಯಿತು.

"ಒಂದು ಸಣ್ಣ ಕೆಲಸ," ಎಂದರು ಚೆನ್ನಯ್ಯನವರು ಗಂಟಲು ಸರಿಮಾಡಿಕೊಂಡು. "ಯಾವ ಕೀಲಿ ಯಾವ ಬೀರುವಿನದು ಅಂತ ಒಂದೊಂದು ಚೀಟಿ ಬರೆದು ಅಂಟಿಸಿಬಿಡಿ."

"ಒಂದೇ ದಿನ ತಾನೇ ಸಾರ್ ರಜ?"

"ಒಂದೇ ದಿನ ಅಂತಲೇ ನಾವೆಲ್ಲ ಆಶಿಸೋಣ."

ಶನಿವಾರ ನಾಗಶ್ರೀ ಫ್ಲಾಸ್ಕು, ಹೊದಿಕೆ, ಕಾಲಿಗೆ ತಿಕ್ಕಲು ಕೊಬ್ಬರಿ ಎಣ್ಣೆ ಎಲ್ಲವನ್ನೂ ಒಂದು ಬುಟ್ಟಿಗೆ ತುಂಬಿ ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಗಂಡನೂ ಇಲ್ಲ, ಕಾರೂ ಇಲ್ಲ. ಬಿಸಿಲೇರುವ ಮೊದಲೇ ಹೊರಟರೆ ಇಂಜಿನ್ ಕಾಯುವುದು ಕಡಿಮೆ ಎಂದು ಸ್ವಾಮಿ ಆರೂವರೆಗೇ ಹೊರಟಿದ್ದ. ಮೇಜಿನ ಮೇಲೆ ಒಂದು ಚೀಟಿಯಿತ್ತು: 'ಕಾಮಗೆರೆಗೆ ಹೋಗಿದ್ದೇನೆ. ಗಾಬರಿ ಬೇಡ. ಬಿಚ್ಚಿದ ಮೇಲೆ ತಿಳಿಸುತ್ತೇನೆ.'

"ಎದೆ ಸೋರೋ ಮನುಷ್ಯ ತಾನೇ ಕಾರು ಓಡಿಸ್ಕೊಂಡು ಹೋದ್ರಲ್ಲಕ್ಕಾ!" ಎಂದು ನಾಗಶ್ರೀ ಕೂಗಿಕೊಂಡಳು. ಶಿವರತ್ನಮ್ಮ ಆಟೊ ಕರೆಯಲು ಓಡಿದಳು. ನಾಗಶ್ರೀ ಗಟ್ಟಿ ಮನಸ್ಸು ಮಾಡಿ, ಆರು ವರ್ಷದಿಂದ ಮುಟ್ಟದ ಒಂದು ನಂಬರಿಗೆ ಫೋನು ಮಾಡಿದಳು.

ಅದು ಯಳಂದೂರು ತಾಲ್ಲೂಕಿನ ಅಗರದಲ್ಲಿದ್ದ ಸ್ವಾಮಿಯ ಅಣ್ಣ ದೊಡ್ಡಮಾದಪ್ಪನ ನಂಬರು. ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಜಮೀನಲ್ಲ, ತೋಟವಲ್ಲ. ತೀರಿಕೊಂಡ ಅಪ್ಪನ ಒಂದೇ ಒಂದು ಫೋಟೊ. ದೊಡ್ಡದು ಮಾಡಿಸಿ ಕೊಡುತ್ತೇನೆಂದು ಅದನ್ನು ತಂದ ಸ್ವಾಮಿ, ಸ್ಟುಡಿಯೊದವನಿಗೆ ಹೇಳಿ ಅಪ್ಪನಿಗೆ ಕರಿ ಕೋಟು ತೊಡಿಸಿ, ಟೈ ಕಟ್ಟಿಸಿ, ಚಿನ್ನದ ಬಣ್ಣದ ಫ್ರೇಮು ಹಾಕಿಸಿ ಅಗರಕ್ಕೆ ಒಯ್ದಿದ್ದ. ದೊಡ್ಡಮಾದಪ್ಪ ಅದನ್ನು ತಲೆಯಿಂದ ಸೊಂಟದವರೆಗೆ ನೋಡಿ, "ಯಾರ್ಲಾ ಇವನು? ಅಮಲ್ದಾರನಾ?" ಎಂದು ಕೇಳಿದ. ತಮ್ಮ, "ಅಪ್ಪ ಸ್ವಲ್ಪ ಗೌರವವಾಗಿ ಕಾಣ್ಲಿ ಅಂತ" ಎಂದ. "ಪಂಚೆ ಉಟ್ಟಿದ್ ನಮ್ಮಪ್ಪನ್ಗೆ ಗೌರವ ಇರ್ನಿಲ್ವಾ?" ಎಂದು ಅಣ್ಣ ಎದ್ದು ಹೋದವನು ಮತ್ತೆ ಮಾತಾಡಲಿಲ್ಲ.

ಈಗ ಕೊಟ್ಟಿಗೆಯಲ್ಲಿದ್ದ ದೊಡ್ಡಮಾದಪ್ಪ ಫೋನೆತ್ತಿ, "ಯಾರು?" ಎಂದ.

"ಬಾವ, ನಾನು ನಾಗಶ್ರೀ. ನಿಮ್ಮ ತಮ್ಮನಿಗೆ ಎದೆ ಒಳಗೆ ಸೋರ್ತಿದೆ. ಕಾಮಗೆರೆಯಲ್ಲಿ ಇವತ್ತು ಬಿಚ್ತಾರೆ. ಒಬ್ಬರೇ ಹೋಗಿಬಿಟ್ರು."

ಆ ಕಡೆ ಫೋನು ಕೈಜಾರಿ ಕಲಗಚ್ಚಿನ ಬಾನಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲೂ ನಿಲ್ಲದೆ, ಹೆಂಡತಿ ಪುಟ್ಟಮಲ್ಲಮ್ಮನನ್ನು ಕರೆದುಕೊಂಡು ದೊಡ್ಡಮಾದಪ್ಪ ಬಸ್ಸಿಗೆ ಓಡಿದ. ಬಸ್ಸಿನುದ್ದಕ್ಕೂ ಪುಟ್ಟಮಲ್ಲಮ್ಮ ಬೆಟ್ಟದ ದೇವರು ಮಾದಪ್ಪನಿಗೆ ಹರಕೆಯ ಮೇಲೆ ಹರಕೆ ಹೊತ್ತಳು.

ಇತ್ತ ಕಾಮಗೆರೆಯ ಶೆಡ್ಡಿನಲ್ಲಿ ಶಂಕರ ಕಾರಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತುರುಕಿ ಬೆವರುತ್ತಿದ್ದ. ಅವನು ಮಾರ್ಟಳ್ಳಿಯವನು, ಸಿಟ್ಟು ಬಂದರೆ ತಮಿಳು ಬರುತ್ತಿತ್ತು. ಇಂಜಿನ್ನಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ, ಕತ್ತಲಲ್ಲಿ, ಒಂದು ಗೇಣುದ್ದದ ರಬ್ಬರ್ ಪೈಪು ಸೀಳಿತ್ತು. ಅದನ್ನು ಹಿಡಿದಿದ್ದ ಸ್ಪ್ರಿಂಗ್ ಕ್ಲಿಪ್ಪನ್ನು ಒತ್ತಿ ಜಾರಿಸಿದರೆ ಪೈಪು ಬರುತ್ತದೆ. ಆದರೆ ಶಂಕರನ ಮುಂಗೈ ಬಾಳೆದಿಂಡಿನಷ್ಟು ದಪ್ಪ.

"ಆಗಲ್ಲ ಸಾ. ಇಂಜಿನ್ ಇಳಿಸ್ಬೇಕು. ಮೂರು ದಿನ ಆಯ್ತದೆ. ವೇರೆ ವಳಿ ಇಲ್ಲೆ, ಬೇರೆ ದಾರಿ ಇಲ್ಲ."

"ಮೂರು ದಿನವಾ? ಸೋಮವಾರ ಗಾಡಿ ಇಲ್ದೆ ಸ್ಕೂಲಿಗೆ ಹೋದ್ರೆ ನನ್ನ ಮಾನ ಏನಾಗ್ಬೇಕು? ತಾಳಿ, ನಾನು ಕೆಳಗಿಂದ ಟಾರ್ಚ್ ಹಿಡೀತೀನಿ" ಎಂದು ಸ್ವಾಮಿ ಚಪ್ಪಲಿ ಬಿಟ್ಟು ಕಾರಿನಡಿಗೆ ತೂರಿಕೊಂಡ. ಹೊರಗೆ ಉಳಿದದ್ದು ಎರಡು ಕಾಲು ಮಾತ್ರ.

ಬಸ್ಸಿಳಿದು ಆಸ್ಪತ್ರೆಯ ದಾರಿ ಕೇಳುತ್ತ ಬರುತ್ತಿದ್ದ ದೊಡ್ಡಮಾದಪ್ಪನ ಕಣ್ಣಿಗೆ ಬಿದ್ದದ್ದು ಆ ಎರಡು ಕಾಲು. ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಒಂದು ಅಂಗುಲ ಉದ್ದ. ಅವರ ಮನೆತನದಲ್ಲಲ್ಲದೆ ಅಂಥ ಕಾಲು ಇನ್ನೆಲ್ಲೂ ಇರಲಿಲ್ಲ.

"ಅಯ್ಯಯ್ಯೋ ಮಾದಪ್ಪಾ! ಆಸ್ಪತ್ರೆಗ್ ಬಂದೋನ್ ಮ್ಯಾಲೆ ಕಾರ್ ಅತ್ಸ್‌ಬುಟ್ರಲ್ಲಪ್ಪೋ!" ಎಂದು ಅರಚುತ್ತ ಓಡಿ ಬಂದು, ಎರಡು ಕಾಲನ್ನೂ ಹಿಡಿದು ಎಳೆದ. ಕೆಳಗಿದ್ದ ಸ್ವಾಮಿ ಗಾಬರಿಯಾಗಿ ಕೈಗೆ ಸಿಕ್ಕಿದ ಯಾವುದೋ ಪೈಪನ್ನು ಹಿಡಿದುಕೊಂಡ. ಪೈಪು ಕಿತ್ತು ಬಂತು. ಅದರ ಹಿಂದೆಯೇ ಮೂರು ಲೀಟರ್ ಕೂಲಂಟ್ ಅವನ ಮುಖದ ಮೇಲೆ ಬಂತು.

ಹೊರಬಂದ ಮೈದುನನ ಹಳದಿ ಹಸಿರು ಮುಖ ನೋಡಿ ಪುಟ್ಟಮಲ್ಲಮ್ಮ ಎದೆ ಬಡಿದುಕೊಂಡಳು. "ಪಿತ್ತ ಕಣಪ್ಪೋ! ಇದ್ದ ಪಿತ್ತ ಎಲ್ಲಾ ಆಚಿಕ್ ಬಂದ್ಬುಟ್ಟದೆ!"

ದೊಡ್ಡಮಾದಪ್ಪ ತಮ್ಮನನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. "ಮಲ್ಲು, ಕಣ್ ಬುಡ್ಲಾ. ನಾನ್ ಕಣ್ಲಾ, ಅಣ್ಣ. ಆರು ವರ್ಸ ನಿನ್ ಮಾತಾಡಿಸ್ನಿಲ್ಲ, ನನ್ ಬಾಯ್ಗೆ ಮಣ್ಣಾಕ. ಅಪ್ಪನ್ಗೆ ಕೋಟ್ ಆಕ್ಸಿದ್ರೆ ಆಕ್ಸ್ಕೊ. ಬೂಟೂ ಆಕ್ಸು. ಟೋಪಿನೂ ಆಕ್ಸು. ನೀನ್ ಬದುಕುದ್ರೆ ಸಾಕು."

ಸ್ವಾಮಿ ಒಂದು ಕಣ್ಣು ತೆರೆದ. ಅಣ್ಣನ ಮುಖ ಅಷ್ಟು ಹತ್ತಿರದಲ್ಲಿ ಕಂಡು ಎಷ್ಟೋ ಕಾಲವಾಗಿತ್ತು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. "ಎದೆ ಒಳಗ್ ಸೋರ್ತದಂತಲ್ಲಲಾ, ನಮಗೊಂದ್ ಮಾತ್ ಏಳ್ಬಾರ್ದಾ?" ಎಂದು ಅಣ್ಣ ಕೇಳಿದಾಗ, ಗಂಜಿ, ಹೆಂಡತಿಯ ಕಣ್ಣೀರು, ಕೀಲಿಗೆ ಅಂಟಿಸಿದ ಚೀಟಿ, ಹೆಡ್‌ಮಾಸ್ಟರ ಮೂರು ಬ್ಲಾಕು ಎಲ್ಲವೂ ಸಾಲಾಗಿ ಬಂದು ಸ್ವಾಮಿಯ ತಲೆಯಲ್ಲಿ ಅರ್ಥವಾದವು.

ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ಸ್ವಾಮಿ ಕಣ್ಣು ಮುಚ್ಚಿ ಒಮ್ಮೆ ಕೆಮ್ಮಿದ. ಬೇಕೆಂದೇ ಕೆಮ್ಮಿದ. ಆರು ವರ್ಷದ ಮೇಲೆ ಸಿಕ್ಕಿದ ತೊಡೆಯನ್ನು ಒಂದು ಪೈಪಿನ ಸತ್ಯಕ್ಕಾಗಿ ಬಿಟ್ಟು ಏಳಲು ಅವನಿಗೆ ಮನಸ್ಸಾಗಲಿಲ್ಲ. ಶಂಕರ ಏನೋ ಹೇಳಲು ಬಾಯಿ ತೆರೆದ. ಸ್ವಾಮಿ ಮಲಗಿದಲ್ಲಿಂದಲೇ ಕೈಸನ್ನೆ ಮಾಡಿದ. ಅದನ್ನು ಪುಟ್ಟಮಲ್ಲಮ್ಮ ಕೈ ಸೆಳೆತ ಎಂದು ತಿಳಿದು ಅಂಗೈ ತಿಕ್ಕತೊಡಗಿದಳು.

ಆಗ ದೊಡ್ಡಮಾದಪ್ಪ ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದ. "ಏಳುಮಲೆ ಮಾದಪ್ಪ, ನನ್ಗೆ ಇನ್ನೆಷ್ಟ್ ವರ್ಸ ಬರ್ದಿದ್ದೀಯೋ ಗೊತ್ತಿಲ್ಲ. ಅದ್ರಲ್ಲಿ ಅರ್ಧ ಕಿತ್ಕಂಡು ಇವನ್ಗೆ ಕೊಟ್ಬುಡು."

ಸ್ವಾಮಿ ದಡಕ್ಕನೆ ಎದ್ದು ಕುಳಿತ. "ಬೇಡ ಅಣ್ಣ! ಕೊಡ್ಬೇಡ! ನನಗೇನೂ ಆಗಿಲ್ಲ. ಸೋರ್ತಿರೋದು ಕಾರು."

ಸರಿಯಾಗಿ ಆ ಹೊತ್ತಿಗೆ ಆಟೊ ಬಂದು ನಿಂತಿತು. ನಾಗಶ್ರೀ, ಶಿವರತ್ನಮ್ಮ, ಸುದ್ದಿ ತಿಳಿದು ಶಾಲೆ ಬಿಟ್ಟು ಜೊತೆಗೆ ಬಂದಿದ್ದ ಚೆನ್ನಯ್ಯನವರು ಇಳಿದರು. ಅವರು ಆಸ್ಪತ್ರೆಯಲ್ಲಿ ಅರ್ಧ ಗಂಟೆ ಹುಡುಕಿ, "ಎದೆ ಸೋರೋರು ಯಾರೂ ಇವತ್ತು ಬಂದಿಲ್ಲಮ್ಮ" ಎಂದು ನರ್ಸಮ್ಮನಿಂದ ಮೂರು ಸಲ ಹೇಳಿಸಿಕೊಂಡು ಬರುತ್ತಿದ್ದರು.

"ಏನಂದ್ರಿ?" ಎಂದಳು ನಾಗಶ್ರೀ.

"ಕಾರು," ಎಂದ ಸ್ವಾಮಿ ಮುಖದಿಂದ ಹಸಿರು ಒರೆಸಿಕೊಳ್ಳುತ್ತ. "ಹಿಂದಿನ ಪೈಪು."

"ಯಾರದ್ದೋ ಹಳೇದು ಕೂರಿಸ್ತಾರೆ ಅಂದ್ರಲ್ಲ?"

"ಗುಜರಿ ಕಾರಿಂದು ಕಣೇ."

ನಾಗಶ್ರೀ ಫ್ಲಾಸ್ಕನ್ನು ಎತ್ತಿದಳು, ಹೊಡೆಯುವಂತೆ. ಆಮೇಲೆ ಅದನ್ನು ಎದೆಗವಚಿಕೊಂಡು ಅಲ್ಲೇ ಟಯರಿನ ಮೇಲೆ ಕುಳಿತು ಅಳತೊಡಗಿದಳು; ಅಳುತ್ತ ಅಳುತ್ತ ನಗತೊಡಗಿದಳು. ಶಿವರತ್ನಮ್ಮ, "ನಾನು ಅವತ್ತೇ ಅಂದ್ಕೊಂಡೆ, ಇನ್ನೊಬ್ಬ ಡಾಕ್ಟರನ್ನ ಕೇಳಿದ್ರೆ ಒಳ್ಳೇದು ಅಂತ" ಎಂದಳು. ಚೆನ್ನಯ್ಯನವರು ಮಾತ್ರ ಶಂಕರನನ್ನೂ ಶೆಡ್ಡನ್ನೂ ನೋಡಿ, "ಮೆಕ್ಯಾನಿಕ್ ಮುಖವೇ ನೋಡಿಲ್ಲ ಅಂದಿದ್ರಲ್ಲ ಸ್ವಾಮಿ?" ಎಂದರು.

"ಯಾರು, ಇವ್ರಾ?" ಎಂದ ಶಂಕರ. "ನಮ್ಮ ಮನೆ ಕ್ಯಾಲೆಂಡರ್‌ನಲ್ಲಿ ಇವ್ರು ಬರೋ ದಿನಕ್ಕೆ ಗುರುತು ಹಾಕಿಟ್ಟಿದ್ದೀನಿ ಸಾ."

ದೊಡ್ಡಮಾದಪ್ಪ ನಿಧಾನವಾಗಿ ಎದ್ದು, ಪಂಚೆಯ ಮಣ್ಣು ಕೊಡವಿದ.

"ಒಂದ್ ತಗಡು ಡಬ್ಬಕ್ಕೆ ನನ್ನ ಅರ್ಧ ಆಯಸ್ ಕೊಡಕ್ ಓಗಿದ್ನಲ್ಲಾ! ನಡಿಯಮ್ಮಿ, ಊರ್ಗೋಗವ."

"ಅಣ್ಣ, ನನ್ನ ಮಾತು ಕೇಳು."

"ಕೆಮ್ಮುದ್ಯಲ್ಲ, ಅದ್ಯಾತಕ್ ಕೆಮ್ಮುದೆ? ಅದೂ ಕಾರಾ?"

ದೊಡ್ಡಮಾದಪ್ಪ ರಸ್ತೆ ದಾಟಿ ಹುಣಸೆಮರದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತ, ಶೆಡ್ಡಿಗೆ ಬೆನ್ನು ಮಾಡಿ. ಹಿಂದೆ ಹೋದ ತಮ್ಮ ಎರಡು ಸಲ ಕೈಮುಗಿದ, ಒಂದು ಸಲ ಕಾಲಿಗೂ ಬಗ್ಗಿದ. ಅಣ್ಣ ಹನೂರಿನ ಕಡೆಯ ಗುಡ್ಡವನ್ನೇ ನೋಡುತ್ತಿದ್ದ. ಸ್ವಾಮಿ ವಾಪಸು ಬಂದು ಕಾರಿನ ಪಕ್ಕ ಕುಳಿತ. ಸೋಮವಾರದ ಮಾನ ಈಗ ಅವನಿಗೆ ನೆನಪೂ ಇರಲಿಲ್ಲ.

"ಇಂಜಿನ್ ಇಳಿಸಿಬಿಡಿ ಶಂಕರ್. ಇಲ್ಲ, ಗುಜರಿಗೇ ಹಾಕಿಬಿಡಿ," ಎಂದ.

ಶಂಕರನಿಗೆ ಅದು ಅವಮಾನವೆನಿಸಿತು. "ಕಡೇ ಸಲ ನೋಡೋಣ ಇರಿ ಸಾ" ಎಂದು ಮತ್ತೆ ಕೈ ತುರುಕಿದ. ಎಲ್ಲರೂ ಸುತ್ತ ನಿಂತು ಸಲಹೆ ಕೊಟ್ಟರು. ಬಸ್ಸು ಬಂತು. ಕಂಡಕ್ಟರ್ "ಕೊಳ್ಳೇಗಾಲ, ಕೊ‌ಳ್ಳೇಗಾಲ" ಎಂದು ಕೂಗಿದ. ದೊಡ್ಡಮಾದಪ್ಪ ಒಂದು ಕಾಲನ್ನು ಮೆಟ್ಟಿಲಿನ ಮೇಲಿಟ್ಟ. ಆಗಲೇ ಶೆಡ್ಡಿನಿಂದ ಶಂಕರನ ಕೂಗು ಕೇಳಿಸಿತು:

"ತಲೇನೇ ಸಿಕ್ತಿಲ್ಲ ಸಾ! ಬೆರಳು ತಾಗ್ತದೆ, ಜಾರಿ ಜಾರಿ ಒಳಕ್ಕೆ ಹೋಗ್ತದೆ!"

ದೊಡ್ಡಮಾದಪ್ಪನ ಕಾಲು ಮೆಟ್ಟಿಲ ಮೇಲೇ ನಿಂತಿತು. ಅಗರದ ಸುತ್ತ ನಾಲ್ಕೂರಲ್ಲಿ ಹಸುವಿಗೆ ಹೆರಿಗೆ ಕಷ್ಟವಾಗಿ, ಡಾಕ್ಟರು ಬರುವುದು ತಡವಾದರೆ, ಜನ ಓಡಿ ಬರುತ್ತಿದ್ದದ್ದು ಅವನ ಬಳಿಗೆ. ಅವನ ಕೈ ಬಳ್ಳಿಯಂತೆ ಸಣ್ಣ, ಉದ್ದ. ಕಣ್ಣು ಮುಚ್ಚಿ ಹೆಗಲವರೆಗೆ ಒಳಗೆ ಬಿಟ್ಟು, ಅಡ್ಡ ಬಿದ್ದ ಕರುವನ್ನು ತಿರುಗಿಸಿ ಎಳೆದರೆ ತಾಯಿ ಮಗು ಎರಡೂ ಉಳಿಯುತ್ತಿದ್ದವು. ಇದೇ ಮಾತನ್ನು, ಇದೇ ಹತಾಶ ದನಿಯಲ್ಲಿ, ಅವನು ನೂರು ಕೊಟ್ಟಿಗೆಗಳಲ್ಲಿ ಕೇಳಿದ್ದ.

"ಅತ್ತಿಯೋ ಇಳ್ದಿಯೋ ಯಜಮಾನ್ರೆ?" ಎಂದ ಕಂಡಕ್ಟರ್.

"ಓಗಪ್ಪ ನೀನು," ಎಂದು ದೊಡ್ಡಮಾದಪ್ಪ ಕಾಲು ತೆಗೆದ. ರಸ್ತೆ ದಾಟಿ ಬಂದು, ಯಾರ ಮುಖವನ್ನೂ ನೋಡದೆ, ಅಂಗಿ ಬಿಚ್ಚಿ ಹಿಂದೆಯೇ ಬಂದ ಹೆಂಡತಿಯ ಕೈಗೆ ಕೊಟ್ಟ. "ಪಕ್ಕುಕ್ ಬಾಪ್ಪ. ಅಂಗ್ ಕುಕ್ಕುದ್ರೆ ಒಳಗಿರೋದು ಬೆದುರ್ಕತದೆ. ಎಣ್ಣೆ ತತ್ತರ್ರಿ."

ನಾಗಶ್ರೀ ಬುಟ್ಟಿಯಿಂದ ಕೊಬ್ಬರಿ ಎಣ್ಣೆ ತೆಗೆದುಕೊಟ್ಟಳು. ಶಂಕರ ಅದೇ ಥರದ ಇನ್ನೊಂದು ಕ್ಲಿಪ್ಪನ್ನು ಅವನ ಅಂಗೈಗಿಟ್ಟು, "ಇದಕ್ಕೆ ಎರಡು ಕಿವಿ ಐತೆ ಅಣ್ಣೇ. ಎರಡೂ ಒತ್ತಿದ್ರೆ ಬಾಯಿ ಬಿಡ್ತದೆ" ಎಂದ. ದೊಡ್ಡಮಾದಪ್ಪ ಕಣ್ಣು ಮುಚ್ಚಿ ಅದನ್ನು ಎರಡು ಸಲ ಸವರಿ ನೋಡಿ, ಹೆಗಲವರೆಗೆ ಎಣ್ಣೆ ಹಚ್ಚಿಕೊಂಡು, ಇಂಜಿನ್ನಿನ ಹಿಂದಿನ ಸಂದಿಗೆ ಕೈ ಇಳಿಬಿಟ್ಟ. ಕೈ ಹಾವಿನಂತೆ ಒಳಗೆ ಹೋಯಿತು. ಮೊಣಕೈ ಮರೆಯಾಯಿತು. ತೋಳು ಮರೆಯಾಯಿತು. ಕೆನ್ನೆ ಇಂಜಿನ್ನಿಗೆ ಒತ್ತಿತು.

"ಎಲ್ರೂ ಸುಮ್ಕಿರಿ... ಕಾಲ್ ಸಿಕ್ತು."

"ಅದು ವೈರು ಅಣ್ಣೇ!"

"ಊಂ, ವೈರು... ಇನ್ನೂ ಒಳಿಕ್ಕೆ... ಇದಾ ಇದು, ಕಿವಿ! ಎಲ್ಲಿಗೋಯ್ತೀಯೆ, ಬಾರವ್ವ, ಬಾ, ಬಾ..."

ಚೆನ್ನಯ್ಯನವರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಒಳಗೆ 'ಟಕ್' ಎಂದಿತು. ದೊಡ್ಡಮಾದಪ್ಪ ಸ್ವಲ್ಪ ಸ್ವಲ್ಪವಾಗಿ ಕೈ ಹಿಂದೆಳೆದ. ತೋಳು ಬಂತು, ಮುಂಗೈ ಬಂತು, ಕೊನೆಗೆ ಬೆರಳುಗಳ ನಡುವೆ ಒದ್ದೆಯಾದ ಕರಿ ಪೈಪೊಂದು ಜಾರಿ ಹೊರಬಂತು.

ಮೂವತ್ತು ವರ್ಷದ ಅಭ್ಯಾಸ, ಪುಟ್ಟಮಲ್ಲಮ್ಮನಿಗೆ ತಡೆಯಲಾಗಲಿಲ್ಲ. "ಎಣ್ಣಾ, ಗಂಡಾ?" ಎಂದು ಕೇಳಿಬಿಟ್ಟಳು.

ಮೊದಲು ನಕ್ಕದ್ದು ದೊಡ್ಡಮಾದಪ್ಪ. ಅವನು ನಕ್ಕದ್ದನ್ನು ನೋಡಿ ಸ್ವಾಮಿ ನಕ್ಕ. ಆಮೇಲೆ ಯಾರು ಯಾಕೆ ನಗುತ್ತಿದ್ದಾರೆಂದು ತಿಳಿಯದಷ್ಟು ಹೊತ್ತು ಎಲ್ಲರೂ ನಕ್ಕರು. ಪುಟ್ಟಮಲ್ಲಮ್ಮ ಒಬ್ಬಳೇ, "ಕೇಳುದ್ರೆ ಏನ್ ತಪ್ಪು?" ಎನ್ನುತ್ತಿದ್ದಳು.

ಬೇರೆ ಪೈಪನ್ನು ಒಳಗೆ ಕೂರಿಸುವುದು ಅಷ್ಟು ಸುಲಭವಾಗಲಿಲ್ಲ. "ಈಚಿಕ್ ಎಳಿಯದು ಗೊತ್ತು ಕಣಪ್ಪ, ತಿರ್ಗ ಒಳಿಕ್ ಕಳ್ಸದು ನಂಗೂ ವಸ ಕೆಲ್ಸ" ಎಂದು ದೊಡ್ಡಮಾದಪ್ಪ ಗೊಣಗಿದ. ತಮ್ಮ ಟಾರ್ಚ್ ಹಿಡಿದ. ಅಣ್ಣ ಕಣ್ಣು ಮುಚ್ಚಿದ್ದರಿಂದ ಅದು ಯಾವ ಪ್ರಯೋಜನಕ್ಕೂ ಬರಲಿಲ್ಲ, ಆದರೂ ಹಿಡಿದೇ ಇದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಕ್ಲಿಪ್ಪು ಕಚ್ಚಿಕೊಂಡಿತು. ಕಿತ್ತುಬಂದಿದ್ದ ಕೆಳಗಿನ ಪೈಪನ್ನೂ ಸಿಕ್ಕಿಸಿ, ಹಸಿರು ನೀರು ತುಂಬಿ, ಶಂಕರ ಇಂಜಿನ್ ಶುರು ಮಾಡಿದ. ಎಲ್ಲರೂ ತಲೆ ತೂರಿಸಿ ಉಷ್ಣದ ಮುಳ್ಳನ್ನೇ ನೋಡಿದರು. ಅದು ನಡುವಿನವರೆಗೆ ಬಂದು ನಿಂತಿತು. ಹತ್ತು ನಿಮಿಷ ಕಳೆದರೂ ಕದಲಲಿಲ್ಲ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ.

"ಇನ್ನೇನು, ಬೆಟ್ಟಕ್ ಓಗಿ ಮುಡಿ ಕೊಡದೊಂದ್ ಬಾಕಿ," ಎಂದಳು ಪುಟ್ಟಮಲ್ಲಮ್ಮ.

"ಯಾರ ಮುಡಿ ಅತ್ತಿಗೆ?"

"ನಿಂದೆಯ. ವಾಸಿಯಾದ್ರೆ ತಲೆ ಬೋಳ್ಸಿ ಕರ್ಕಂಬತ್ತೀನಿ ಅಂತ ಬಸ್ಸಲ್ಲಿ ಏಳ್ಕಂಡಿವ್ನಿ."

"ವಾಸಿಯಾದದ್ದು ಕಾರು!"

"ಅದ್ಕೆ ಕೂದ್ಲಿಲ್ವಲ್ಲ. ಮಾದಪ್ಪನ್ ತಾವ ಅರಕೆ ಅರಕೆನೆಯ."

ಮುಂದಿನ ಸೋಮವಾರವೇ ಸ್ವಾಮಿ ಅಣ್ಣ ಅತ್ತಿಗೆಯನ್ನೂ ನಾಗಶ್ರೀಯನ್ನೂ ಕೂರಿಸಿಕೊಂಡು ಬೆಟ್ಟದ ತಿರುವುಗಳನ್ನು ಹತ್ತಿದ. ಮುಳ್ಳು ನಡು ಬಿಟ್ಟು ಏರಲಿಲ್ಲ. ಬಾಚಿ ಬಾಚಿ ಉಳಿಸಿಕೊಂಡಿದ್ದ ಕೂದಲನ್ನು ಒಪ್ಪಿಸಿ, ನುಣ್ಣಗಿನ ತಲೆಯಲ್ಲಿ ಇಳಿದು ಬಂದ. ದಾರಿಯುದ್ದಕ್ಕೂ ದೊಡ್ಡಮಾದಪ್ಪ ಮುಂದಿನ ಸೀಟಿನಲ್ಲಿ ಕುಳಿತು, ತಾನು ಹಾಕಿದ ಪೈಪು ಇರುವ ಕಡೆಗೇ ಕಿವಿಗೊಟ್ಟು, "ಉಸ್ರಾಟ ಸರಿಯಾಗದೆ" ಎನ್ನುತ್ತಿದ್ದ.

ಸುದ್ದಿ ಅಗರಕ್ಕೆ ತಲುಪಿದ್ದು ಬೇರೆಯೇ ರೂಪದಲ್ಲಿ. ತಮ್ಮನ ಎದೆ ಸೋರುತ್ತಿತ್ತು, ಕಾಮಗೆರೆಯಲ್ಲಿ ಯಾರಿಗೂ ಆಗಲಿಲ್ಲ, ಅಣ್ಣನೇ ಕೈ ಹಾಕಿ ಸರಿಮಾಡಿದ ಎಂದು ಊರು ಮಾತಾಡಿಕೊಂಡಿತು. ಬೋಳು ತಲೆಯ ಸ್ವಾಮಿಯನ್ನು ಕಂಡವರಿಗೆ ಅನುಮಾನವೇ ಉಳಿಯಲಿಲ್ಲ. ದೊಡ್ಡಮಾದಪ್ಪ ಮೊದಮೊದಲು ಅಲ್ಲಗಳೆದ. ಆಮೇಲೆ, "ಊಂ, ಏನೋ, ಆಯ್ತು" ಎನ್ನತೊಡಗಿದ.

ಶಂಕರನಿಗಂತೂ ನಿಜ ಗೊತ್ತು. ಜೀಪಾಗಲಿ ಲಾರಿಯಾಗಲಿ, ಕೈ ಹೋಗದ ಜಾಗ ಬಂದರೆ ಅವನು ಈಗ ಇಂಜಿನ್ ಇಳಿಸುವುದಿಲ್ಲ. ಅಗರಕ್ಕೆ ಫೋನು ಮಾಡುತ್ತಾನೆ. ಅಗರದಿಂದ ಕೊಳ್ಳೇಗಾಲಕ್ಕೆ ಫೋನು ಬರುತ್ತದೆ. ಭಾನುವಾರವಾಗಲಿ ಹಬ್ಬವಾಗಲಿ, ಸ್ವಾಮಿ ತಟ್ಟೆ ಬಿಟ್ಟು ಎದ್ದು, ಇಪ್ಪತ್ತೊಂದು ವರ್ಷದ ಕಾರಿನಲ್ಲಿ ಅಣ್ಣನನ್ನು ಕರೆತರಲು ಹೊರಡುತ್ತಾನೆ. ನಾಗಶ್ರೀ ತಡೆಯುವುದಿಲ್ಲ, ಬೇಕಾದರೆ ಬುತ್ತಿಯನ್ನೂ ಕಟ್ಟಿಕೊಡುತ್ತಾಳೆ.

ಕಳೆದ ವಾರವೂ ಹಾಗೆಯೇ ಆಯಿತು. ದೊಡ್ಡಮಾದಪ್ಪ ಮನೆ ಬಾಗಿಲಲ್ಲೇ ಕಾಯುತ್ತಿದ್ದ. ಎಣ್ಣೆ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತವನು, ಸ್ವಾಮಿ ಕ್ಷೇಮಸಮಾಚಾರ ಕೇಳಲು ಬಾಯಿ ತೆರೆಯುವ ಮೊದಲೇ ಗದರಿದ:

"ಮಾತ್ ಆಮ್ಯಾಲ್ ಆಡುವಂತೆ, ಬಿರ್ನೆ ನಡಿಯೋ ಮಲ್ಲು. ಅಲ್ಲೊಂದ್ ಗಾಡಿ ನೋವ್ ತಿನ್ಕಂಡ್ ನಿಂತದಂತೆ!"